ಅರ್ಜಿಯಲ್ಲಿ ಎರಡು ದೇಶ

ಹೋದ ಸಂಚಿಕೆಯಲ್ಲಿ ಬಾಡಿಗೆ ಮನೆಯ ವಿಷಯ ಬರೆದ ಮೇಲೆ, ಇನ್ನು ಮುಂದೆ ಮನೆಯೊಳಗಿನ ಸಂಗತಿಗಳನ್ನು ಬೀದಿಗೆ ತರುವುದಿಲ್ಲವೆಂದು ಮನೆಯಾಕೆಗೆ ಮಾತು ಕೊಟ್ಟಿದ್ದೆ. ಆ ಮಾತು ಸರಿಯಾಗಿ ಮೂರು ತಿಂಗಳು ಬಾಳಿತು. ಈ ಸಲದ ಸಂಗತಿ ಪರದೇಶದ್ದು. ಆದ್ದರಿಂದ ನಾನು ಮಾತಿಗೆ ತಪ್ಪಿದಂತಾಗಲಿಲ್ಲವೆಂದು ವಾಚಕರು ನನ್ನ ಪರವಾಗಿ ಸಾಕ್ಷಿ ನುಡಿಯಬೇಕು.

ಸಂಗತಿ ಇಷ್ಟು. ನನ್ನ ಅಕ್ಕನ ಮಗ ಎರಡು ವರ್ಷಗಳಿಂದ ಇಟಲಿ ದೇಶದ ಬೊಲೋನ್ಯಾ ನಗರದಲ್ಲಿ ಓದುತ್ತಿದ್ದಾನೆ. ಅಲ್ಲಿಯ ವಿಶ್ವವಿದ್ಯಾಲಯ 1088ರಷ್ಟು ಹಿಂದಿನದೆಂದು ಅವರ ಲೆಕ್ಕ. ನಮ್ಮಲ್ಲಿ ಆಗ ಬಸವಣ್ಣನವರು ಇನ್ನೂ ಹುಟ್ಟಿರಲಿಲ್ಲ. ಬರುವ ಅಕ್ಟೋಬರಿನಲ್ಲಿ ಅವನಿಗೆ ಪದವಿ. ಅಂದು ತಲೆಗೆ ಎಲೆಯ ಕಿರೀಟ ತೊಡಿಸುತ್ತಾರಂತೆ, ಅದನ್ನು ನೋಡಲು ಆಯಿ ಎದುರಿಗಿರಲೇಬೇಕೆಂದು ಅವನ ಹಟ. ಭಾವನವರು ಪಿಂಪರಿಯ ಅಂಗಡಿ ಬಿಟ್ಟು ಬರುವ ಹಾಗಿಲ್ಲ. ಅಕ್ಕ ತಾನು ಹೊರಟಳು, ಅವ್ವನನ್ನು ಹೊರಡಿಸಿದಳು, ಇಬ್ಬರನ್ನೂ ವಿಮಾನ ಹತ್ತಿಸಿ ಇಳಿಸಲು ಇಂಗ್ಲಿಷು ಬಲ್ಲ ಗಂಡಾಳೊಬ್ಬ ಬೇಕೆಂದು ನನ್ನ ಟಿಕೀಟನ್ನೂ ತಾನೇ ತೆಗೆಸಿದಳು. ಉಳಿದವರು ನನ್ನ ಮನೆಯಾಕೆ ಮತ್ತು ಇಬ್ಬರು ಮಕ್ಕಳು. ಆ ಮೂವರ ಟಿಕೀಟಿನ ಹಣವೆಂದರೆ ನನ್ನ ನಾಲ್ಕು ತಿಂಗಳ ಸಂಬಳ. ಆ ಮಾತನ್ನು ನಾನೂ ಎತ್ತಲಿಲ್ಲ, ಆಕೆಯೂ ಎತ್ತಲಿಲ್ಲ. ಆದರೆ ಮರುದಿನ ಮಕ್ಕಳ ಹಳೆಯ ನೋಟುಬುಕ್ಕೊಂದನ್ನು ತೆಗೆದು, ಅದರಲ್ಲಿ ಖಾಲಿ ಉಳಿದ ಹಾಳೆಯ ನೆತ್ತಿಗೆ 'ಅತ್ತಿಯವರ ಪ್ರವಾಸ' ಎಂದು ಬರೆದು ಕೆಳಗೆ ಗೆರೆ ಎಳೆದಳು. ಅಂದಿನಿಂದ ಇಂದಿನವರೆಗೆ ಈ ಪ್ರವಾಸದ ಮುಖ್ಯ ಕಾರ್ಯದರ್ಶಿ, ಪ್ರವಾಸಕ್ಕೆ ಹೋಗದಿರುವ ಆಕೆಯೇ.

ನಾವು ಅಲ್ಲಿರುವ ಎಂಟು ದಿನಗಳಲ್ಲಿ ಒಂದು ದಿನ ಪೂರ್ತಿ ಬಿಡುವು: ಅಕ್ಟೋಬರ್ 1. ಅಂದು ಎಲ್ಲಿಗೆ ಹೋಗುವುದು? ಅಕ್ಕ ವೆನಿಸ್ ಎಂದಳು. ಯಾರಾದರೂ ಹಾಗೆಯೇ ಹೇಳಿಯಾರು. ಫೋನಿನ ಆ ತುದಿಯಿಂದ ಅಳಿಯನೂ ಹೂಂಗುಟ್ಟಿದ. ಊರಿನ ತುಂಬ ನೀರೇ ಬೀದಿ, ದೋಣಿಯಲ್ಲೇ ಓಡಾಟ ಎಂದು ಅಕ್ಕ ಬಣ್ಣಿಸತೊಡಗಿದಳು. ಅವ್ವ ಕೈಯಾಡಿಸಿಬಿಟ್ಟಳು.

"ನೀರಾಗಿನ ಊರು ನಾ ನೋಡೇನಿ, ಯವ್ವಾ. ಮತ್ತ ರೊಕ್ಕಾ ಕೊಟ್ಟು ನೋಡೂದು ಬ್ಯಾಡ."

ನಮ್ಮದು ಹಳೇ ಬಾಗಲಕೋಟೆ. ಆಲಮಟ್ಟಿಯ ಹಿನ್ನೀರಿಗೆ ನಮ್ಮ ಓಣಿ ಹೋಯಿತು. ನವನಗರದಲ್ಲಿ ಜಾಗ ಸಿಕ್ಕಿತು, ಮನೆಯೂ ಎದ್ದಿತು. ಆದರೂ ಅವ್ವ ಯಾರಿಗಾದರೂ ವಿಳಾಸ ಹೇಳುವಾಗ ಸೆಕ್ಟರಿನ ನಂಬರು ಹೇಳುವುದಿಲ್ಲ; ಈಗ ಇಲ್ಲದ ಓಣಿಯ ಹೆಸರನ್ನೇ ಹೇಳುತ್ತಾಳೆ. ಈ ಪುಟ ಓದುವವರಲ್ಲಿ ಮುಳುಗಡೆಯ ಮನೆಯವರು ಕೆಲವರಾದರೂ ಇದ್ದೀರಿ. ನಿಮಗೆ ಹೆಚ್ಚು ಹೇಳಬೇಕಾಗಿಲ್ಲ.

ಸ್ವಲ್ಪ ಹೊತ್ತು ಫೋನು ಸುಮ್ಮನಿತ್ತು. ಆಮೇಲೆ ಅಳಿಯನೆಂದ: "ಹಂಗಾದ್ರ ಆಯಿ, ಏಳುನೂರು ವರ್ಷದಿಂದ ಇದ್ದ ಜಾಗಾ ಬಿಟ್ಟು ಕದಲದ ಒಂದು ಊರು ತೋರಸ್ತೀನಿ. ಊರು ಅಲ್ಲ, ದೇಶ. ಒಂದ ದಿನದಾಗ ಹೋಗಿ ಬರಬಹುದು."

ಆ ದೇಶವೇ ಸಾನ್ ಮರೀನೊ.

ದೇಶವೆಂದರೆ ದೇಶವೇ, ಅದರಲ್ಲಿ ಅನುಮಾನವಿಲ್ಲ. 1992ರಿಂದ ಸಂಯುಕ್ತ ರಾಷ್ಟ್ರಸಂಘದ ಸದಸ್ಯ. ಆದರೆ ವಿಸ್ತೀರ್ಣ 61 ಚದರ ಕಿಲೋಮೀಟರು. ನಮ್ಮ ಪುಣೆಯ ಮಹಾನಗರಪಾಲಿಕೆಯ ಹದ್ದಿನಲ್ಲಿ ಇಂಥ ಎಂಟು ದೇಶಗಳು ಕೂತಾವು. ಜನಸಂಖ್ಯೆ ಸುಮಾರು 34,000. ನಾಲ್ಕು ದಿಕ್ಕಿಗೂ ಇಟಲಿಯೇ. ಸಮುದ್ರ ಕಣ್ಣಿಗೆ ಕಾಣುತ್ತದೆ, ಕಾಲಿಗೆ ಸಿಗುವುದಿಲ್ಲ. ನಡುವೆ ತಿತಾನೊ ಎಂಬ ಸುಮಾರು 740 ಮೀಟರು ಎತ್ತರದ ಕಡಿದಾದ ಬೆಟ್ಟ, ಅದರ ನೆತ್ತಿಯ ಮೇಲೆ ಮೂರು ಗೋಪುರಗಳು, ಗೋಪುರಗಳ ಮಗ್ಗುಲಿಗೆ ರಾಜಧಾನಿ. ಡಾಲ್ಮೇಶಿಯಾದ ರಾಬ್ ದ್ವೀಪದಿಂದ ಬಂದ ಮರೀನೊ ಎಂಬ ಕಲ್ಲುಕುಟಿಗನೊಬ್ಬ, ಧರ್ಮದ ಕಾರಣಕ್ಕೆ ಹಿಂಸೆಗೊಳಗಾಗಿ ಈ ಬೆಟ್ಟ ಹತ್ತಿ ಕುಳಿತು, 301ನೆಯ ಇಸವಿಯಲ್ಲಿ ಊರು ಕಟ್ಟಿದನೆಂದು ಕಥೆ. ಕಥೆಯನ್ನು ಕಥೆಯೆಂದೇ ತಿಳಿದರೂ, 1243ರಿಂದ ಇತ್ತ ಆ ರಾಜ್ಯವನ್ನು ಯಾರು ಯಾರು ಆಳಿದರೆಂಬುದಕ್ಕೆ ಹೆಸರುಗಳಿವೆ. ರಾಜರಿಲ್ಲ, ರಾಣಿಯರಿಲ್ಲ, ಮೊದಲಿನಿಂದಲೂ ಪ್ರಜೆಗಳದೇ ಆಡಳಿತ.

ಅವ್ವ ಒಪ್ಪಿದಳು. ನನ್ನ ತೊಂದರೆ ಅಲ್ಲಿಂದ ಆರಂಭವಾಯಿತು.

ಸರಕಾರಿ ನೌಕರನಾದವನು ಅಕ್ಕನ ಖರ್ಚಿನಲ್ಲಿಯೇ ಹೊರದೇಶಕ್ಕೆ ಹೋಗಲಿ, ಕಚೇರಿಯ ಅನುಮತಿ ಬೇಕು. ಅದಕ್ಕೊಂದು ನಮೂನೆಯ ಅರ್ಜಿಯಿದೆ. ಹಣ ಯಾರದು, ಎಷ್ಟು ದಿನ, ಯಾವ ಕಾರಣಕ್ಕೆ ಎಂಬುದನ್ನೆಲ್ಲ ತುಂಬಿಕೊಂಡು ಬಂದು, 'ಭೇಟಿ ಕೊಡುವ ದೇಶ ಅಥವಾ ದೇಶಗಳು' ಎಂಬ ಅಂಕಣದ ಮುಂದೆ ನನ್ನ ಪೆನ್ನು ನಿಂತಿತು. ನಮ್ಮ ವಿಭಾಗದ ಹಿರಿಯ ಗುಮಾಸ್ತರು ಹಿಂದಿನಿಂದ ಬಗ್ಗಿ ನೋಡಿ, "ಇಟಲಿ ಎಂದು ಬರೆದು ಮುಗಿಸಪ್ಪ. ಇನ್ನೊಂದು ದೇಶದ ಹೆಸರು ಬರೆದೆಯೋ, ಕಡತಕ್ಕೆ ಕಾಲು ಬಂತೆಂದೇ ತಿಳಿ. ಗಡಿಯಲ್ಲಿ ಕೇಳುವವರಿಲ್ಲವೆಂದು ನೀನೇ ಹೇಳುತ್ತಿ, ಪಾಸ್‌ಪೋರ್ಟಿಗೆ ಮುದ್ರೆಯೂ ಇಲ್ಲ. ಬೆಳಿಗ್ಗೆ ಹೋಗಿ ಸಂಜೆಗೆ ಬರುವ ದೇಶ, ಯಾರಿಗೆ ಗೊತ್ತಾಗಬೇಕು?" ಎಂದರು. ಮೂವತ್ತು ವರ್ಷ ಸೇವೆ ಮಾಡಿದವರು. ಅವರ ಮಾತು ತೆಗೆದುಹಾಕುವಂಥದಲ್ಲ.

ಆದರೆ ಬರೆಯದೆ ಹೋದರೆ, ಅಂದು ಬೆಳಗಿನಿಂದ ಸಂಜೆಯವರೆಗೆ ನಾನು ಅನುಮತಿಯಿಲ್ಲದೆ ಪರದೇಶದಲ್ಲಿದ್ದ ನೌಕರನಾಗುತ್ತೇನೆ. ಅರ್ಜಿಯನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಬಂದೆ. ಮನೆಯಾಕೆ ಎಲ್ಲವನ್ನೂ ಕೇಳಿದಳು.

"ಅದು ದೇಶ ಹೌದೋ ಅಲ್ಲೋ, ಅಷ್ಟ ಹೇಳ್ರಿ."

"ಹೌದು."

"ಹಂಗಾದ್ರ ಬರೀರಿ. ಸಣ್ಣದು ಅಂತ ಬಿಡೂದಂದ್ರ ಏನು? ಬಿಟ್ಟರ ಯಾರ ಕೇಳ್ತಾರಂತ ಬಿಡೂದು, ಹೌದಲ್ರಿ?"

ಆ ಮಾತು ನನಗೆ ತಾಕಿತೋ ಇಲ್ಲವೋ ಎಂದು ನೋಡಲು ನಿಲ್ಲದೆ ಕುಕ್ಕರು ಇಳಿಸಲು ಒಳಗೆ ಹೋದಳು. ನಾನು ಎರಡೂ ದೇಶಗಳ ಹೆಸರು ಬರೆದೆ.

ಹಿರಿಯ ಗುಮಾಸ್ತರ ಮಾತು ಸುಳ್ಳಾಗಲಿಲ್ಲ. ಎಂಟನೆಯ ದಿನ ಕಡತ ತಿರುಗಿ ಬಂತು: 'ಎರಡನೆಯ ದೇಶದ ವೀಸಾ ಯಾವುದು? ವಿವರಿಸುವುದು.' ವಿವರಿಸಲು ನಾಲ್ಕು ಸಾಲು ಸಾಕಿತ್ತು. ಆ ದೇಶ ಐರೋಪ್ಯ ಒಕ್ಕೂಟದಲ್ಲಿಲ್ಲ, ಆದರೆ ಒಪ್ಪಂದದ ಮೇರೆಗೆ ಯೂರೋ ನಾಣ್ಯ ಬಳಸುತ್ತದೆ. ಅಲ್ಲಿ ವಿಮಾನ ನಿಲ್ದಾಣವಿಲ್ಲ, ರೈಲಿಲ್ಲ, ಇಟಲಿಯನ್ನು ದಾಟದೆ ಒಳಗೆ ಹೋಗುವ ದಾರಿಯೇ ಇಲ್ಲ. ಗಡಿಯಲ್ಲಿ ತಪಾಸಣೆ ಇಲ್ಲ. ಆದಕಾರಣ ಇಟಲಿಗೆಂದು ಪಡೆಯುವ ಶೆಂಗೆನ್ ವೀಸಾ ಒಂದೇ ಸಾಕು. ಇಷ್ಟು ಬರೆದು ಕೊಟ್ಟೆ. ಆದರೆ ಗುಮಾಸ್ತನಾದವನು ಒಂದು ಕಡತ ಕೈಗೆ ಸಿಕ್ಕರೆ ಹಿಂದಿನ ಪುಟಗಳನ್ನು ತಿರುವಿಹಾಕದೆ ಇರಲಾರ. ಹೀಗಾಗಿ ಒಂದು ವಾರ, ರಾತ್ರಿ ಊಟವಾದ ಮೇಲೆ ನಮ್ಮ ಮನೆಯಲ್ಲಿ ಸಾನ್ ಮರೀನೊದ ಪುರಾಣ ನಡೆಯಿತು. ಕೇಳುವವರು ಅವ್ವ, ಮನೆಯಾಕೆ, ನಿದ್ದೆ ಬಾರದಿದ್ದರೆ ಮಕ್ಕಳು.

ಈ ರಾಜ್ಯವನ್ನು ನುಂಗಲು ಬಂದವರು ಇಲ್ಲದಿಲ್ಲ. 1503ರಲ್ಲಿ ಚೆಸಾರೆ ಬೋರ್ಜಾ ಎಂಬ ದಂಡನಾಯಕ ನುಂಗಿದ. ಪೋಪನಾಗಿದ್ದ ಅವನ ತಂದೆ ಅದೇ ವರ್ಷ ತೀರಿಕೊಂಡ, ನುಂಗಿದ್ದು ಹೊರಗೆ ಬಂತು. 1739ರಲ್ಲಿ ಅಲ್ಬೆರೋನಿ ಎಂಬ ಕಾರ್ಡಿನಲ್ ಸೈನ್ಯ ತಂದು ಹಿಡಿದುಕೊಂಡ. ಊರವರು ಬಡಿದಾಡಲಿಲ್ಲ, ಪೋಪರಿಗೆ ದೂರಿನ ಕಾಗದ ಬರೆದರು. ವಿಚಾರಣೆಯಾಗಿ 1740ರ ಫೆಬ್ರವರಿ 5ರಂದು ರಾಜ್ಯ ಮರಳಿ ಬಂತು. ಕಾಗದ ಬರೆದು ರಾಜ್ಯ ಉಳಿಸಿಕೊಂಡವರೆಂದರೆ ನನ್ನಂಥವನಿಗೆ ಅಭಿಮಾನವಾಗದೆ ಇದ್ದೀತೇ?

ಇದಕ್ಕಿಂತ ದೊಡ್ಡ ಗಂಡಾಂತರ 1797ರದು. ಅದು ಶತ್ರುವಿನ ರೂಪದಲ್ಲಿ ಬರಲಿಲ್ಲ, ಸ್ನೇಹಿತನ ರೂಪದಲ್ಲಿ ಬಂತು. ನೆಪೋಲಿಯನ್ ಇಟಲಿಯಲ್ಲಿ ರಾಜ್ಯಗಳನ್ನು ಮುರಿದು ಜೋಡಿಸುತ್ತಿದ್ದ ಕಾಲ. ಈ ಪುಟ್ಟ ಗಣರಾಜ್ಯವನ್ನು ಕಂಡು ಅವನಿಗೆ ಮೆಚ್ಚುಗೆಯಾಯಿತು. ಸುತ್ತಲಿನ ನೆಲವನ್ನು ಸೇರಿಸಿ ನಿಮ್ಮ ರಾಜ್ಯವನ್ನು ಸಮುದ್ರದವರೆಗೆ ಬೆಳೆಸಿಕೊಡುತ್ತೇನೆಂದ. ಸಾನ್ ಮರೀನೊದವರು ಸ್ನೇಹವನ್ನು ಸ್ವೀಕರಿಸಿ, ನೆಲವನ್ನು ಕೈಮುಗಿದು ಬೇಡವೆಂದರು. 1463ರಲ್ಲಿ ಬಂದ ನಾಲ್ಕು ಹಳ್ಳಿಗಳೇ ಕೊನೆ. ಅಂದಿನಿಂದ ಆ ರಾಜ್ಯದ ಎಲ್ಲೆಕಟ್ಟು ಬೆಳೆದಿಲ್ಲ. ನೆಪೋಲಿಯನ್ ಕಟ್ಟಿದ ರಾಜ್ಯಗಳೆಲ್ಲ ಅವನ ಸಂಗಡವೇ ಮಣ್ಣುಗೂಡಿದವು. 1815ರ ವಿಯೆನ್ನಾ ಸಭೆಯಲ್ಲಿ ಸಾನ್ ಮರೀನೊ ಮಾತ್ರ ಇದ್ದ ಹಾಗೆಯೇ ಉಳಿಯಿತು.

ಅವ್ವ ಇದನ್ನು ಎರಡು ಸಲ ಹೇಳಿಸಿ ಕೇಳಿದಳು. "ಶ್ಯಾಣ್ಯಾರು, ತಮ್ಮಾ. ಮಂದಿ ಹೊಲಾ ಬಂದ್ರ ಮಂದಿ ಜಗಳಾನೂ ಬರತಾವು," ಎಂದಳು.

ಇಟಲಿ ಒಂದಾಗುವ ಕಾಲಕ್ಕೆ ಇವರನ್ನು ಯಾಕೆ ಬಿಟ್ಟರೆಂಬ ಪ್ರಶ್ನೆಗೂ ಉತ್ತರವಿದೆ. 1849ರ ಜುಲೈ 31ರಂದು ಗ್ಯಾರಿಬಾಲ್ಡಿ, ಆಸ್ಟ್ರಿಯದ ಸೈನ್ಯ ಬೆನ್ನಟ್ಟಿ ಬರುತ್ತಿರಲಾಗಿ, ದಣಿದ ದಂಡಿನೊಡನೆ ಈ ಬೆಟ್ಟಕ್ಕೆ ಬಂದ. ಇವರು ಆಸರೆ ಕೊಟ್ಟರು. ಆ ಉಪಕಾರ ಇಟಲಿಯಲ್ಲಿ ಮರೆಯಲಿಲ್ಲವೆಂದು ಹೇಳುತ್ತಾರೆ. 1862ರಲ್ಲಿ ಹೊಸ ಇಟಲಿ ರಾಜ್ಯದೊಡನೆ ನೆರೆಹೊರೆಯ ಸ್ನೇಹದ ಕರಾರಾಯಿತು.

ಇನ್ನು ಆಡಳಿತದ ಮಾತು. ಇದರಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಂತರೆ ವಾಚಕರು ಕ್ಷಮಿಸಬೇಕು, ಕಚೇರಿಯವನ ಚಪಲ. ಅಲ್ಲಿ ರಾಷ್ಟ್ರದ ಮುಖ್ಯಸ್ಥರು ಒಬ್ಬರಲ್ಲ, ಇಬ್ಬರು. ಕ್ಯಾಪ್ಟನ್ ರೀಜೆಂಟ್ ಎಂದು ಹೆಸರು. ಇಬ್ಬರಿಗೂ ಸರಿಸಮ ಅಧಿಕಾರ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ತಡೆಯಬಹುದು. 60 ಸದಸ್ಯರ ಮಹಾಸಭೆ ಅವರನ್ನು ಆರಿಸುತ್ತದೆ. ಅವಧಿ ಆರೇ ಆರು ತಿಂಗಳು. ಒಮ್ಮೆ ಇಳಿದರೆ ಮೂರು ವರ್ಷ ಮತ್ತೆ ಆ ಕುರ್ಚಿಯ ಹೆಸರೆತ್ತುವಂತಿಲ್ಲ. ಇಳಿದ ಮೇಲೂ ಸುಮ್ಮನೆ ಮನೆಗೆ ಹೋಗುವ ಹಾಗಿಲ್ಲ; ಅವರು ಮಾಡಿದ್ದರಲ್ಲಿ ತಪ್ಪೇನಾದರೂ ಇದ್ದರೆ ಪ್ರಜೆಗಳು ದೂರು ಕೊಡಬಹುದು, ಅದರ ವಿಚಾರಣೆಯೂ ಆಗುತ್ತದೆ. ಇದು 1243ರಿಂದ ಬಂದ ಪದ್ಧತಿ. ಹೊಸ ಇಬ್ಬರು ಅಧಿಕಾರಕ್ಕೆ ಬಂದ ಮೇಲಿನ ಮೊದಲ ಭಾನುವಾರ ಸಾಮಾನ್ಯ ಜನರು ಅರ್ಜಿ ಹಿಡಿದುಕೊಂಡು ಬರುತ್ತಾರೆ. ಅಂಗೀಕಾರವಾದ ಅರ್ಜಿಯನ್ನು ಮಹಾಸಭೆ ಆ ಆರು ತಿಂಗಳೊಳಗೇ ತೀರ್ಮಾನಿಸಬೇಕು. ಈ ಕೊನೆಯ ಅಂಶವನ್ನು ಹಿರಿಯ ಗುಮಾಸ್ತರಿಗೆ ಹೇಳಿದೆ. ಅವರು ಚಹಾದ ಕಪ್ಪು ಕೆಳಗಿಟ್ಟು, "ಅಲ್ಲಿಯ ಗುಮಾಸ್ತರು ಊಟ ಯಾವಾಗ ಮಾಡುತ್ತಾರೆ?" ಎಂದು ಕೇಳಿದರು.

ಎಲ್ಲವೂ ಚೆನ್ನಾಗಿಯೇ ಇತ್ತೆಂದು ತಿಳಿಯಬೇಡಿ. ಇಷ್ಟು ಹಳೆಯ ಗಣರಾಜ್ಯದಲ್ಲಿ ಹೆಂಗಸರು ಮೊದಲ ಬಾರಿ ಮತ ಹಾಕಿದ್ದು 1964ರಲ್ಲಿ. ಹೆಂಗಸೊಬ್ಬರು ಆ ಕುರ್ಚಿಯಲ್ಲಿ ಕೂತದ್ದು 1981ರಲ್ಲಿ. "ನಮ್ಮಜ್ಜಿ ಅವರಿಗಿಂತ ಮೊದಲ ಓಟು ಹಾಕ್ಯಾಳ," ಎಂದಳು ಮನೆಯಾಕೆ. 1952ರ ನಮ್ಮ ಮೊದಲ ಚುನಾವಣೆಯನ್ನು ನೆನೆದು.

ಈಗ ತಾರೀಖಿನ ಸ್ವಾರಸ್ಯ ಕೇಳಿ. ಹಳಬರು ಇಳಿದು ಹೊಸಬರು ಏರುವುದು ಏಪ್ರಿಲ್ 1 ಮತ್ತು ಅಕ್ಟೋಬರ್ 1. ನಮ್ಮ ಬಿಡುವಿನ ದಿನವೇ! ಅಂದು ಬೆಳಿಗ್ಗೆ ಕಾವಲುಪಡೆ, ವಾದ್ಯಮೇಳ, ಹಳೆಯ ಕಾಲದ ಉಡುಪಿನ ಮೆರವಣಿಗೆ. ಸಂತ ಮರೀನೊನ ಗುಡಿಯಲ್ಲಿ ಪೂಜೆ. ಆಮೇಲೆ ಸ್ವಾತಂತ್ರ್ಯ ಚೌಕದ ಸಾರ್ವಜನಿಕ ಅರಮನೆಯಲ್ಲಿ ಪ್ರಮಾಣವಚನ. ಅಳಿಯ ಹಿಂಜರಿದ. "ಮಾಮಾ, ಅವತ್ತು ಗದ್ದಲ ಭಾಳ. ಅರಮನೆ ಒಳಗ ನೋಡಾಕ ಸಿಗೂದಿಲ್ಲ. ಒಂದು ದಿನ ಹಿಂದ ಮುಂದ ಮಾಡೂಣೇನು?" ಆದರೆ ಆರುನೂರು ಚದರ ಅಡಿಯ ನಮ್ಮ ಮನೆಯಲ್ಲಿ ಏಕಮತದಿಂದ ನಿರ್ಧಾರವಾಗಿಹೋಗಿತ್ತು: ಗೋಡೆ ನೋಡುವುದಕ್ಕಿಂತ ಗೋಡೆಯೊಳಗಿನ ಕೆಲಸ ನೋಡುವುದು ಮೇಲು. ಗದ್ದಲವೆಂದರೂ ಎಷ್ಟು ಗದ್ದಲ? ಇಡೀ ದೇಶವೇ ಬಂದರೂ 34,000. ಗಣಪತಿ ಹಬ್ಬದಲ್ಲಿ ಲಕ್ಷ್ಮೀ ರಸ್ತೆ ದಾಟಿದ ಅವ್ವನಿಗೆ ಅದೇನು ದೊಡ್ಡದು.

ದೊಡ್ಡದು ಮೊಣಕಾಲು. ಬೆಟ್ಟದ ಊರೆಂದರೆ ಏರು, ಮೆಟ್ಟಿಲು, ಕಲ್ಲುಹಾಸು. ಅವ್ವನಿಗೆ 70 ಸಮೀಪಿಸಿದೆ. ಮನೆಯಾಕೆ ಒಂದು ಭಾನುವಾರ ಆಕೆಯನ್ನು ಪರ್ವತಿಗೆ ಕರೆದುಕೊಂಡು ಹೋದಳು. 103 ಮೆಟ್ಟಿಲುಗಳಲ್ಲಿ 40 ಹತ್ತಿ ಅವ್ವ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಮನೆಗೆ ಬಂದು, "ನಾ ಬೆಟ್ಟದ ಬುಡಕ ಕುಂದ್ರತೀನಿ, ನೀವು ನೋಡಿಕೊಂಡು ಬರ್ರಿ," ಎಂದಳು. ಮನೆಯಾಕೆ ಅತ್ತೆಯ ಮುಂದೆ ಎಂದೂ ದನಿಯೆತ್ತಿದವಳಲ್ಲ. ಅಂದು ಎತ್ತಿದಳು. "ಅಷ್ಟು ದೂರ ಹೋಗಿ ಬುಡಕ ಕುಂದ್ರೂದಾದ್ರ ಇಲ್ಲೇ ಸಾರಸಬಾಗಿನ್ಯಾಗ ಕುಂದ್ರಬಹುದಲ್ರಿ, ಅತ್ತಿ!" ಅವ್ವ ಸುಮ್ಮನಾದಳು. ಅಂದು ರಾತ್ರಿ ನೋಟುಬುಕ್ಕಿನ ಲೆಕ್ಕ ಮೊದಲಿನಿಂದ ಬದಲಾಯಿತು.

ಆ ಲೆಕ್ಕ ಹೀಗಿದೆ. ಯಾರಿಗಾದರೂ ಉಪಯೋಗವಾದೀತೆಂದು ಬರೆಯುತ್ತೇನೆ. ಬೆಳಗಿನ ಜಾವದ ರೈಲಿಗೆ ಬೊಲೋನ್ಯಾ ಬಿಡುವುದು. ಅವ್ವ ಹೇಗಿದ್ದರೂ ನಾಲ್ಕಕ್ಕೆ ಏಳುವವಳು. ಸುಮಾರು 110 ಕಿಲೋಮೀಟರು ದೂರದ ರಿಮಿನಿಗೆ ಸಾದಾ ರೈಲಿನಲ್ಲಿ ಒಂದೂವರೆ ಗಂಟೆ. ನಿಲ್ದಾಣದ ಎದುರಿಗೇ ಸಾನ್ ಮರೀನೊದ ಬಸ್ಸು. ಮುಕ್ಕಾಲು ಗಂಟೆಯ ಮೇಲೆ ಐದು ನಿಮಿಷ. ಎಲ್ಲರೂ ಮಾಡುವಂತೆ ಕೊನೆಯ ನಿಲ್ದಾಣದವರೆಗೆ ಹೋಗಿ ಅಲ್ಲಿಂದ ಕೋಟೆಯ ಬಾಗಿಲು ಹತ್ತಬಾರದು. ಮೊದಲೇ, ಬೆಟ್ಟದ ಮಗ್ಗುಲಿನ ಬೋರ್ಗೊ ಮಜ್ಜೋರೆ ಎಂಬ ಪೇಟೆಯಲ್ಲಿ ಇಳಿಯಬೇಕು. ಅಲ್ಲಿಂದ ಹಗ್ಗದ ಮೇಲೆ ಹೋಗುವ ತೊಟ್ಟಿಲು, 1959ರಲ್ಲಿ ಹಾಕಿದ್ದು, ಎರಡೇ ನಿಮಿಷಕ್ಕೆ ಮೇಲಿನ ಊರಿಗೆ ಮುಟ್ಟಿಸುತ್ತದೆ. ಅಲ್ಲಿಂದ ಚೌಕಕ್ಕೆ ಕೆಲವೇ ನಿಮಿಷದ ನಡಿಗೆ. ಈ ಒಂದು ಸಂಗತಿಯನ್ನು ಮನೆಯಾಕೆ ನಕ್ಷೆಯಲ್ಲಿ ಕಂಡುಹಿಡಿದ ದಿನ ನಮ್ಮ ಮನೆಯಲ್ಲಿ ಶಿರಾ ಆಯಿತು.

ಮೂರು ಗೋಪುರಗಳ ವಿಷಯದಲ್ಲಿ ಅಕ್ಕನಿಗೂ ನಾದಿನಿ-ನೆಗೆಣ್ಣಿಯರ ನಡುವಿನ ಸಹಜವಾದ ಚರ್ಚೆ ನಡೆಯಿತು. ಅಕ್ಕನಿಗೆ ಮೂರೂ ಬೇಕು, ಮೂರರ ಮುಂದೂ ಪಟ ತೆಗೆಸಿಕೊಳ್ಳಬೇಕು. ಮೊದಲನೆಯದಾದ ಗ್ವಾಯಿತಾ 11ನೆಯ ಶತಮಾನದ್ದು, ಒಳಗೆ ಹೋಗಬಹುದು. ಎರಡನೆಯದಾದ ಚೆಸ್ತಾ ಎಲ್ಲಕ್ಕಿಂತ ಎತ್ತರದ ಶಿಖರದಲ್ಲಿದೆ, ಆಯುಧಗಳ ಸಂಗ್ರಹಾಲಯವಿದೆ. ಮೂರನೆಯದಾದ ಮೊಂಟಾಲೆ ಚಿಕ್ಕದು, ಒಳಗೆ ಬಿಡುವುದಿಲ್ಲ. ನೋಟುಬುಕ್ಕಿನಲ್ಲಿ ಹೀಗೆ ಇತ್ಯರ್ಥವಾಗಿದೆ: 'ಮೊದಲನೇದು, ವೈನಿ ಮತ್ತು ಅಳಿಯ. ಉಳಿದವು, ಕೆಳಗಿಂದ ನಮಸ್ಕಾರ.' ನನ್ನ ಮತವೂ ಅದೇ. ಒಂದು ದಿನದಲ್ಲಿ ಒಂದು ದೇಶ ನೋಡುತ್ತೇವೆಂದು ಹೊರಟವರು ಮೆಟ್ಟಿಲು ಎಣಿಸಿ ಬಂದರೆ, ಆ ದೇಶ ಯಾಕೆ ಉಳಿಯಿತೆಂಬುದು ಕಣ್ಣಿಗೆ ಬೀಳದೆ ಹೋಗುತ್ತದೆ.

ಮಧ್ಯಾಹ್ನದ ಹೊತ್ತನ್ನು ಅವ್ವನೇ ಕೇಳಿ ಪಡೆದಳು. ಅದು ಒಂದು ಸುರಂಗಕ್ಕೆ ಮೀಸಲು.

ಅಲ್ಲಿ ರೈಲಿಲ್ಲವೆಂದು ಮೇಲೆ ಬರೆದೆನಲ್ಲ, ಹಿಂದೆ ಇತ್ತು. 1932ರ ಜೂನ್‌ನಲ್ಲಿ ರಿಮಿನಿಯಿಂದ 32 ಕಿಲೋಮೀಟರಿನ ವಿದ್ಯುತ್ ರೈಲುಹಾದಿ, 17 ಸುರಂಗಗಳನ್ನು ಹಾಯ್ದು ಈ ಬೆಟ್ಟ ಹತ್ತಿತು. ಬಾಳಿದ್ದು ಹನ್ನೆರಡೇ ವರ್ಷ. ಎರಡನೆಯ ಮಹಾಯುದ್ಧದಲ್ಲಿ ಸಾನ್ ಮರೀನೊ ಯಾರ ಕಡೆಗೂ ಇರಲಿಲ್ಲ. ಆದರೂ 1944ರ ಜೂನ್ 26ರಂದು, ಜರ್ಮನರ ಸಾಮಾನು ಅಲ್ಲಿದೆಯೆಂಬ ತಪ್ಪು ಭಾವನೆಯಿಂದ ಬ್ರಿಟಿಷರ ವಿಮಾನಗಳು ಬಾಂಬು ಹಾಕಿದವು. ಹತ್ತಾರು ಜನ ಸತ್ತರು, ರೈಲುಹಾದಿ ಹಾಳಾಯಿತು. ಮುಂದೆ ಬ್ರಿಟನ್ ತಪ್ಪೊಪ್ಪಿ 1961ರಲ್ಲಿ ಪರಿಹಾರ ಕೊಟ್ಟಿತು. ಆದರೆ ಆ ವರ್ಷದ ಬೇಸಿಗೆಯಲ್ಲಿ, ಸುತ್ತಲಿನ ಇಟಲಿಯ ಊರುಗಳಿಂದ ಯುದ್ಧಕ್ಕೆ ಹೆದರಿ ಓಡಿಬಂದವರು ಸುಮಾರು 1,00,000 ಜನ. ಆ ರಾಜ್ಯದ ಸ್ವಂತ ಜನ ಆಗ ಹದಿನೈದು ಸಾವಿರದ ಆಸುಪಾಸು. ಬಾಗಿಲು ಹಾಕಲಿಲ್ಲ. ಮನೆ, ದನದ ಕೊಟ್ಟಿಗೆ, ಗುಡಿ ತುಂಬಿದ ಮೇಲೆ, ರೈಲು ನಿಂತ ಆ ಸುರಂಗಗಳಲ್ಲಿ ಸಂಸಾರಗಳು ವಾರಗಟ್ಟಲೆ ಬದುಕಿದವು.

ಇದನ್ನು ನಾನು ಓದಿ ಹೇಳಿದ ರಾತ್ರಿ ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಯುದ್ಧದ ಮಾತಲ್ಲ. "ಒಬ್ಬರ ಮನ್ಯಾಗ ಆರು ಮಂದಿ ಹೆಚ್ಚಿಗಿ ಆದ್ರು. ಹಿಟ್ಟು ಎಲ್ಲಿಂದ ತಂದ್ರು, ತಮ್ಮಾ? ನೀರು? ಸುರಂಗದಾಗ ಒಲಿ ಹೊತ್ತಿಸಿದ್ರ ಹೊಗಿ ಎಲ್ಲಿ ಹೋಗಬೇಕು? ಬಾಣಂತ್ಯಾರು ಇದ್ದಿದ್ರೇನು?" ನಾನು ಓದಿದ್ದರಲ್ಲಿ ಹೊಗೆಯ ಮಾತು ಇರಲಿಲ್ಲ. "ನಮ್ಮ ಸಾಮಾನು ಇಳಸಾಕ ಜಾಗಾ ಇಲ್ಲದಾಗ ಒಬ್ಬಾಕಿ ತನ್ನ ಪಡಸಾಲಿ ಬಿಟ್ಟುಕೊಟ್ಟಿದ್ಲು. ಹೆಸರೂ ಕೇಳಲಿಲ್ಲ ನಾ," ಎಂದಳು. ಈ ಮಾತನ್ನು ನಾನು ಅಂದೇ ಮೊದಲು ಕೇಳಿದ್ದು. ಆ ಹಾದಿಯ ಮೊಂಟಾಲೆ ಸುರಂಗದ ಆಸುಪಾಸಿನ ಸುಮಾರು 800 ಮೀಟರು ಹಳಿಯನ್ನು 2012ರಲ್ಲಿ ಸರಿಪಡಿಸಿ, ನೀಲಿ-ಬಿಳಿ ಬಣ್ಣದ ಹಳೆಯ ಗಾಡಿಯನ್ನು ನಿಲ್ಲಿಸಿದ್ದಾರೆ. ಅಲ್ಲಿಗೆ ಮೆಟ್ಟಿಲು ಹತ್ತಬೇಕಾಗಿಲ್ಲ. ನೋಟುಬುಕ್ಕಿನಲ್ಲಿ ಅದಕ್ಕೆ ಒಂದು ಪೂರ್ಣ ಗಂಟೆ.

ತಿರುಗಿ ಬರುವಾಗ ಇನ್ನೊಂದು ತಂಗಣೆ ಇದೆ. ಅದಕ್ಕಾಗಿ ಬಸ್ಸು ಬಿಟ್ಟು ಬಾಡಿಗೆ ಕಾರು ಮಾಡುವ ದುಂದುವೆಚ್ಚಕ್ಕೂ ಒಪ್ಪಿದ್ದೇವೆ. ಸಾನ್ ಮರೀನೊದಿಂದ ರಿಮಿನಿಗೆ ಇಳಿಯುವ ಹೆದ್ದಾರಿಯ ಪಕ್ಕದಲ್ಲಿ ಗೂರ್ಖಾ ಯುದ್ಧ ಸ್ಮಶಾನವಿದೆ. ಅದೇ 1944ರ ಸೆಪ್ಟೆಂಬರ್ 17ರಿಂದ 20ರವರೆಗೆ, ಸಾನ್ ಮರೀನೊದ ನೆಲದೊಳಗೆ ಬಂದು ಕುಳಿತಿದ್ದ ಜರ್ಮನರ ಮೇಲೆ ಹೋರಾಡಿದ್ದು ನಮ್ಮ 4ನೆಯ ಭಾರತೀಯ ಡಿವಿಜನ್. 9ನೆಯ ಗೂರ್ಖಾ ರೈಫಲ್ಸಿನ ಶೇರ್ ಬಹಾದುರ್ ಥಾಪಾ ಎಂಬ ತರುಣ ಸಿಪಾಯಿ ಅಲ್ಲಿ ಗಾಯಾಳುಗಳನ್ನು ಎತ್ತಿ ತರುತ್ತ ಪ್ರಾಣ ಬಿಟ್ಟ. ಅವನಿಗೆ ಮರಣಾನಂತರ ವಿಕ್ಟೋರಿಯಾ ಕ್ರಾಸ್ ಬಂತು. ಆ ಸ್ಮಶಾನದಲ್ಲಿ 618 ಗೋರಿಗಳಿವೆ. ಅದರೊಳಗೆಯೇ ಬೇರೆ ಒಂದು ಸ್ಮಾರಕ. ತಮ್ಮ ತಮ್ಮ ಧರ್ಮದ ಪ್ರಕಾರ ದಹನ ಮಾಡಿದ, ಹೀಗಾಗಿ ಗೋರಿಯಿಲ್ಲದ, ಅವಿಭಜಿತ ಭಾರತದ 172 ಸೈನಿಕರ ಹೆಸರು ಅದರಲ್ಲಿ. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ರೆಜಿಮೆಂಟಿನವರೂ ಇಟಲಿಯ ಆ ಯುದ್ಧಭೂಮಿಯಲ್ಲಿದ್ದರು. ಸಾನ್ ಮರೀನೊ ಎಂದರೆ ಎಲ್ಲಿಯದೋ ಎಂದು ನಾವು ಕೇಳುತ್ತೇವೆ. ಎಂಬತ್ತು ವರ್ಷಗಳ ಹಿಂದೆ ನಮ್ಮ ದೇಶದ ಹುಡುಗರು ಅದನ್ನು ಕಾಲ್ನಡಿಗೆಯಲ್ಲಿ ನೋಡಿದ್ದರು. ಮನೆಯಾಕೆ ಈ ಅಂಶವನ್ನು ಚರ್ಚೆಗೇ ಬಿಡಲಿಲ್ಲ. 'ಹೆಸರು ಓದುವುದು. ಅವಸರ ಮಾಡಬಾರದು,' ಎಂದು ಬರೆದಿದ್ದಾಳೆ.

ಊಟದ ಮಾತು ಚಿಕ್ಕದು. ಆ ಸೀಮೆಯಲ್ಲಿ ಪಿಯಾದೀನಾ ಎಂಬ ರೊಟ್ಟಿಯುಂಟು, ಹಂಚಿನ ಮೇಲೆ ಬೇಯಿಸಿದ್ದು. ಆದರೆ ಹಿಟ್ಟಿಗೆ ಹಂದಿಯ ಕೊಬ್ಬು ಹಾಕುವುದು ಹಳೆಯ ರೂಢಿ. ಎಣ್ಣೆಯಲ್ಲಿ ಕಲಸಿದ್ದೂ ಸಿಗುತ್ತದೆ, ಕೇಳಿ ತೆಗೆದುಕೊಳ್ಳಬೇಕು. ಅವ್ವ ಕಟಕ್ ರೊಟ್ಟಿ, ಶೇಂಗಾ ಚಟ್ನಿಯ ಮೇಲೆಯೇ ಭರವಸೆ ಇಟ್ಟಿದ್ದಾಳೆ. ಮೊಮ್ಮಗನಿಗೆ ಪೇಡೆ, ತುಪ್ಪ ಒಯ್ಯುವಂತಿಲ್ಲ, ಹಾಲಿನ ಪದಾರ್ಥ ಆ ದೇಶಗಳ ಒಳಗೆ ಬಿಡುವುದಿಲ್ಲವೆಂದು ತಿಳಿದಾಗ ಆಕೆಗೆ ಆದ ದುಃಖ, ಮೊಣಕಾಲಿನ ದುಃಖಕ್ಕಿಂತ ದೊಡ್ಡದು.

ಪ್ರವಾಸಿಗಳಿಗೆ ಬೇಕೆಂದರೆ ಅಲ್ಲಿಯ ಪ್ರವಾಸ ಕಚೇರಿಯಲ್ಲಿ 5 ಯೂರೋ ತೆಗೆದುಕೊಂಡು ಪಾಸ್‌ಪೋರ್ಟಿಗೆ ನೆನಪಿನ ಮುದ್ರೆ ಒತ್ತಿಕೊಡುತ್ತಾರೆ. ಜೀವಮಾನವೆಲ್ಲ ಪುಕ್ಕಟೆ ಮುದ್ರೆ ಒತ್ತಿದ ನಾನು ಒಂದು ಮುದ್ರೆಗೆ ಸುಮಾರು ಐನೂರು ರೂಪಾಯಿ ಕೊಡಲಾರೆ. ಆ ಹಣಕ್ಕೆ ಅಂಚೆ ಚೀಟಿ ಬರುತ್ತದೆ. 1877ರಿಂದ ಸಾನ್ ಮರೀನೊ ಸ್ವಂತ ಚೀಟಿ ಹೊರಡಿಸುತ್ತಿದೆ. ಸಂಗ್ರಹಿಸುವವರಲ್ಲಿ ಅದಕ್ಕೆ ಬಹಳ ಹೆಸರು. ಆದರೆ ಆ ಚೀಟಿ ಹಚ್ಚಿದ ಕಾಗದವನ್ನು ಆ ದೇಶದೊಳಗಿನ ಪೆಟ್ಟಿಗೆಗೇ ಹಾಕಬೇಕು. ಮರೆತು ಇಟಲಿಯಲ್ಲಿ ಹಾಕಿದರೆ ಕೆಲಸಕ್ಕೆ ಬಾರದು. ಮಕ್ಕಳು ತಲಾ ಒಂದು ಕಾರ್ಡು ಕೇಳಿದ್ದಾರೆ. ನಾನು ಮೂರು ಕಾರ್ಡುಗಳಿಗೆ ಹಣ ತೆಗೆದಿಟ್ಟಿದ್ದೇನೆ. ಮೂರನೆಯದರ ಮೇಲೆ ಏನು ಬರೆಯಬೇಕೆಂಬುದು ಇನ್ನೂ ಹೊಳೆದಿಲ್ಲ.

ಇಷ್ಟರಲ್ಲಿ ಅನುಮತಿಯ ಆದೇಶ ಬಂತು. ಹಿರಿಯ ಗುಮಾಸ್ತರು ತಾವೇ ತಂದುಕೊಟ್ಟು ಪೇಡೆ ಕೇಳಿದರು. ನಾನು ಸಂತೋಷದಿಂದ ಬಿಚ್ಚಿದೆ. ಭೇಟಿಯ ದೇಶ ಎಂಬ ಕಡೆ ಬೆರಳಚ್ಚಿಸಿತ್ತು: 'ಸಾನ್ ಮರೀನೊ, ಇಟಲಿ.'

ಒಂದು ಅಲ್ಪವಿರಾಮ. ಬೋರ್ಜಾನಿಂದ ಆಗದ್ದು, ಅಲ್ಬೆರೋನಿಯಿಂದ ಆಗದ್ದು, ನಮ್ಮ ಬೆರಳಚ್ಚುಗಾರರ ಕಿರುಬೆರಳಿನಿಂದ ಆಗಿಹೋಗಿತ್ತು. ದೇಶ ಇಟಲಿಯ ಒಂದು ಊರಾಗಿತ್ತು. ಹಿರಿಯ ಗುಮಾಸ್ತರು ತಲೆ ಚಚ್ಚಿಕೊಂಡು, "ಇದನ್ನೂ ಎತ್ತಬೇಡ, ಅನುಮತಿ ಅನುಮತಿಯೇ," ಎಂದರು. ಮನೆಗೆ ತಂದು ತೋರಿಸಿದೆ. ಮನೆಯಾಕೆ ಮಕ್ಕಳ ಕಂಪಾಸು ಪೆಟ್ಟಿಗೆಯಿಂದ ಪೆನ್ಸಿಲು ತೆಗೆದು, ಆದೇಶದ ನಕಲಿನ ಮೇಲೆ ಆ ಅಲ್ಪವಿರಾಮದ ಸುತ್ತ ಸಣ್ಣ ಸೊನ್ನೆ ಹಾಕಿ ನನ್ನ ಚೀಲದಲ್ಲಿಟ್ಟಳು.

ಮರುದಿನ, 'ಅಲ್ಪವಿರಾಮದ ಬದಲು ಮತ್ತು ಎಂದು ತಿದ್ದಿಕೊಡುವುದು' ಎಂಬ ಒಂದು ಸಾಲಿನ ವಿನಂತಿಯೊಂದಿಗೆ ಆದೇಶವನ್ನು ತಿರುಗಿ ಕೊಟ್ಟಿದ್ದೇನೆ. ಇಂದಿಗೆ ಹನ್ನೊಂದನೆಯ ದಿನ. ಕಡತ ಮೂರನೆಯ ಮೇಜಿನ ಮೇಲಿದೆ. ಊಟಕ್ಕೆ ಹೋಗುವಾಗ ಬರುವಾಗ ನೋಡುತ್ತಿರುತ್ತೇನೆ. ಅವ್ವ ಮಾತ್ರ ಪ್ರತಿ ಭಾನುವಾರ ಸೊಸೆಯ ಕೈ ಹಿಡಿದು ಪರ್ವತಿಗೆ ಹೋಗುತ್ತಿದ್ದಾಳೆ. ಮೊನ್ನೆ 58 ಮೆಟ್ಟಿಲು ಹತ್ತಿದಳು.